ಇರುವೆ ನೆಕ್ಕುವಷ್ಟು

ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಗ್ಯಾರೇಜಿನಲ್ಲಿ
ನನ್ನ ಓಮ್ನಿಯ ಗೇರ್‌ಬಾಕ್ಸು
ಹಳೇ ಟೈರಿನ ಮೇಲೆ ಕವುಚಿ ಬಿದ್ದಿದೆ.
ಹುಡುಗ ತೌಸೀಫನಿಗೆ ಎಸ್ಸೆಸ್ಸೆಲ್ಸಿ, ಇವತ್ತು ಗಣಿತ.
"ಸುಮ್ಮನೆ ಕೂತು ಏನು ಮಾಡ್ತೀರಿ ಸುಗುಣಕ್ಕ, ಹಿಡೀರಿ" ಎಂದು
ಇದಿನಬ್ಬ ಕೈಗಿತ್ತದ್ದು
ಯಾರದೋ ಲುಂಗಿಯ ತುಂಡು, ಮತ್ತೆ
ಕೂದಲು ಸವೆದ ಒಂದು ಹಲ್ಲುಜ್ಜುವ ಬ್ರಷ್ಷು.

ಮೊದಲು ಹಳೆಯ ಪ್ಲೇಟು.
ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿದ.
ಸವೆದು ಸವೆದು ರಿವೆಟ್ಟಿನ ತಲೆಗಳು ಹೊರಗೆ ಬಂದಿದ್ದವು.
"ನಿಮ್ಮ ಎಡಗಾಲು ಪೆಡಲು ಬಿಟ್ಟು ಇಳಿಯೋದೇ ಇಲ್ಲ, ಅಲ್ವಾ?"
ಕೈರೇಖೆ ನೋಡುವವನೂ ಇಷ್ಟು ಬೇಗ ಹೇಳಿರಲಿಲ್ಲ.

ನಾನು ಹೇಳಲಿಲ್ಲ:
ಅಲೇಖಾನಿನ ಏರು, ಮಂಜು, ಮುಂದಿನ ಲಾರಿ ಗಕ್ಕನೆ ನಿಂತು
ಹನ್ನೊಂದು ಮಕ್ಕಳಿದ್ದ ವ್ಯಾನು ಒಂದು ಮಾರು ಹಿಂದೆ ಜಾರಿದ್ದು.
ಒಂದೇ ಮಾರು.
ಮಕ್ಕಳು ಜೋಕಾಲಿಯೆಂದು ನಕ್ಕವು.
ಅವತ್ತಿನಿಂದ ಎಡಗಾಲು ಕಾವಲು ಕೂತಿದೆ,
ಯಾರೂ ಕೂರಿಸದಿದ್ದರೂ.

ಫ್ಲೈವೀಲಿನ ಮೇಲೆ ಶಾಖದ ನೀಲಿ ಕಲೆಗಳು.
ಉಪ್ಪುಕಾಗದ ಹಾಕಿ ಅವನೇ ತಿಕ್ಕಿದ, ಆಮೇಲೆ ನಾನು ಥಿನ್ನರಿನಲ್ಲಿ.
ಹೊಸ ಪ್ರೆಶರ್ ಪ್ಲೇಟು ಬೇರೆ ಜಿಡ್ಡು ಜಿಡ್ಡು.
"ಮಗುವಿಗೆ ಎಣ್ಣೆ ಹಚ್ಚಿ ಕಳಿಸಿದ್ದಾರೆ ಕಾರ್ಖಾನೆಯವರು,
ನೀರೆರೆಯೋದು ನಮ್ಮ ಪಾಲು."
ಒರೆಸಿದೆ. ಇನ್ನೊಂದು ಸಲ ಎಂದ.
ಬಟ್ಟೆ ಮಡಚಿ ಒರೆಸಿದೆ. ಇನ್ನೊಂದು.
ಬಟ್ಟೆಗೆ ಏನೂ ಅಂಟದೆ
ಲುಂಗಿಯ ಚೌಕುಳಿ ಚೌಕುಳಿಯಾಗಿಯೇ ಕಂಡಾಗ
ಸಾಕು ಎಂದ.

ರಿಲೀಸ್ ಬೇರಿಂಗನ್ನೂ ಥಿನ್ನರಿಗೆ ಅದ್ದಹೋದೆ,
ಹಾಂ ಹಾಂ ಎಂದು ಕಸಿದುಕೊಂಡ.
ಅದರೊಳಗಿನ ಜಿಡ್ಡೇ ಅದರ ಆಯಸ್ಸಂತೆ,
ತೊಳೆದರೆ ಕಿರುಚುತ್ತಾ ಸಾಯುತ್ತದಂತೆ.

ಹೊಸ ಪ್ಲೇಟು ಮುಟ್ಟುವ ಮೊದಲು ಅವನು
ಸೋಪು ಹಾಕಿ ಮೊಣಕೈವರೆಗೆ ತೊಳೆದ, ಉಗುರಿನ ಸಂದಿಯನ್ನೂ.
ಇದೇ ಮನುಷ್ಯ ಬೆಳಿಗ್ಗೆ
ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿ ಪರೋಟ ತಿಂದಿದ್ದ.

ಶಾಫ್ಟಿನ ಹಲ್ಲುಗಳ ಸಂದಿಸಂದಿ ಬ್ರಷ್ಷಿನಲ್ಲಿ ಉಜ್ಜಿದೆ,
ಇಟ್ಟಿಗೆ ಪುಡಿಯಂಥ ತುಕ್ಕು ಉದುರಿತು.
"ಈಗ ಗ್ರೀಸು."
ಎಷ್ಟು?
"ಒಂದು ಇರುವೆ ನೆಕ್ಕುವಷ್ಟು."
ನನ್ನದು ರೊಟ್ಟಿಗೆ ಬೆಣ್ಣೆ ಸವರುವ ಕೈ.
ಅವನು ನಗಲಿಲ್ಲ.
ಪ್ಲೇಟನ್ನು ಶಾಫ್ಟಿಗೆ ತೂರಿಸಿ ಎಳೆದ,
ಸುತ್ತ ಒಂದು ಕರಿಬಳೆ ಮೂಡಿತು. ಒರೆಸು.
ಮತ್ತೆ ತೂರಿಸಿದ. ತೆಳ್ಳನೆ ಬಳೆ. ಒರೆಸು.
ಬಳೆ ಮೂಡದ ತನಕ.

"ಹೆಚ್ಚಾದದ್ದು ಹಚ್ಚಿದ ಕಡೆ ಇರೋದಿಲ್ಲ ಅಕ್ಕ.
ಚಕ್ರ ತಿರುಗುವಾಗ ಹಾರಿ ಹೋಗಿ
ಹಿಡೀಬೇಕಾದ ಕಡೆ ಕೂತ್ಕೊಳ್ಳುತ್ತೆ.
ನಾನೇ ಮಾಡಿದ್ದೇನೆ, ಹೊಸದರಲ್ಲಿ,
ಕಳಸದ ಒಬ್ಬರ ಜೀಪಿಗೆ. ಪ್ರೀತಿಯಿಂದ ಮೆತ್ತಿದ್ದೆ.
ವಾರಕ್ಕೆ ತಿರುಗಿ ಬಂತು, ಏರಿನಲ್ಲಿ ನಡುಗುತ್ತೆ ಅಂತ.
ಅವರು ಬೈಯಲಿಲ್ಲ. ಅದೇ ಕಷ್ಟವಾಯ್ತು."

ಸಂಜೆ ಬಿಳಗುಳದ ರಸ್ತೆ.
ಪೆಡಲು ಮೆತ್ತಗಿದೆ, ಬೇರೆ ಯಾರದೋ ಗಾಡಿಯ ಹಾಗೆ.
ಪಕ್ಕದಲ್ಲಿ ಇದಿನಬ್ಬ, ನನ್ನ ಕಾಲು ನೋಡಬಾರದೆಂದೇ
ಕಿಟಕಿಯಾಚೆ ನೋಡುತ್ತಾನೆ.
ಮೂರನೇ ಗೇರು. ಎಡಗಾಲನ್ನು ಮ್ಯಾಟಿನ ಮೇಲಿಟ್ಟೆ.
ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ
ಅದಕ್ಕೆ ಎಲ್ಲಿ ಕೂರಬೇಕೋ ತಿಳಿಯದು,
ಹೆಬ್ಬೆರಳು ಎರಡು ಸಲ ಎದ್ದು ಕೂತಿತು.
ಎದುರಿಗೆ ಬಸ್ಸು ಬಂತು.
ಕಾಲು ತಾನೇ ಮೇಲಕ್ಕೆ ಹೋಯಿತು.

"ಪರವಾಗಿಲ್ಲ" ಎಂದ, ಕಿಟಕಿಯಾಚೆಗೇ.

ಮೋರಿಯವರೆಗೆ ಕೆಳಗಿತ್ತು.
ನಾಳೆ ಬಣಕಲ್‌ವರೆಗೆ ಇಟ್ಟು ನೋಡಬೇಕು.